ಸಾಹುಕಾರ್ರು ‘ನೋಡುವ’ ಅಂದರೆ ಏನು ಮಾಡಬೇಕು

ನಮ್ಮ ಕೊಡಗಿನಲ್ಲಿ ಮುಖಕ್ಕೆ ಹೊಡೆದ ಹಾಗೆ ‘ಆಗಲ್ಲ’ ಅನ್ನುವವರು ಕಮ್ಮಿ. ‘ನೋಡುವ’ ಅಂತಾರೆ. ಲೈನ್ ಮನೆಯ, ಅಂದರೆ ತೋಟದ ಕೆಲಸದವರು ಇರುವ ಸಾಲುಮನೆಯ, ಹಂಚು ಬದಲಾಯಿಸುವ ಮಾತೆತ್ತಿದರೆ ‘ನೋಡುವ’. ಹೊಸ ಪಂಪ್ ಬೇಕು ಅಂದರೆ ‘ನೋಡುವ’. ಹೊರಗಿನಿಂದ ಹೊಸದಾಗಿ ಬಂದವರು ಇದನ್ನು ಕೇಳಿ ಖುಷಿಯಾಗಿ ಹೋಗುತ್ತಾರೆ, ಒಪ್ಪಿಗೆ ಸಿಕ್ಕಿತು ಅಂದುಕೊಂಡು. ಆರು ತಿಂಗಳಾದರೂ ಹಂಚು ಅದೇ, ಪಂಪ್ ಅದೇ.

ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. 26 ವರ್ಷ ಆಯ್ತು. ರೈಟರ್ ಅಂದರೆ ಕಥೆ ಬರೆಯುವವನಲ್ಲ. ಬೆಳಗ್ಗೆ ಮಸ್ಟರ್ ಕರೆದು, ಅಂದರೆ ಕೆಲಸದವರನ್ನೆಲ್ಲ ಒಂದು ಕಡೆ ಸೇರಿಸಿ, ಹಾಜರಿಯ ಚೆಕ್‌ರೋಲ್ ತುಂಬಿಸುವವನು, ಸಂಜೆ ಕಾಫಿ ಹಣ್ಣು ತೂಗುವವನು, ವಾರಕ್ಕೊಮ್ಮೆ ಕೂಲಿ ಬಟವಾಡೆ ಮಾಡುವವನು. ಮೇಲೆ ತೋಟದ ಯಜಮಾನರಾದ ಸಾಹುಕಾರ್ರು, ಕೆಳಗೆ ಕೆಲಸದವರು, ನಡುವೆ ನಾನು. ಇಬ್ಬರಿಗೂ ಮಾತು ದಾಟಿಸುವುದು ನಾನೇ, ಇಬ್ಬರೂ ಬೈಯುವುದು ನನ್ನನ್ನೇ.

ಹೋದ ವರ್ಷ ಪಕ್ಕದ ತೋಟಕ್ಕೆ ಡಿಗ್ರಿ ಮುಗಿಸಿದ ಹುಡುಗ ಒಬ್ಬ ರೈಟರ್ ಆಗಿ ಸೇರಿದ. ಮೂರು ತಿಂಗಳಿಗೇ ನಮ್ಮ ಸ್ಟೋರಿನ ಜಗಲಿಗೆ ಬಂದು ಕೂತ. ‘ಅಣ್ಣಾ, ನನ್ನ ಮಾತು ಯಾರೂ ಕೇಳಲ್ಲ. ಎಲ್ಲರೂ ಸರಿ ಸರಿ ಅಂತಾರೆ, ಯಾರೂ ಮಾಡಲ್ಲ’ ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಬ್ಯಾಂಕಿನಲ್ಲಿರಬಹುದು, ಸೊಸೈಟಿಯಲ್ಲಿರಬಹುದು, ರೆಸಾರ್ಟಿನಲ್ಲಿರಬಹುದು. ‘ನೋಡುವ’ ಅನ್ನುವವರು ಅಲ್ಲೂ ಇರ್ತಾರೆ, ಅಲ್ವಾ?

ಮೊದಲು ಮಳೆ ಕೇಳಿ

ಇಲ್ಲಿ ಇಬ್ಬರು ತೋಟದವರು ಸಿಕ್ಕರೆ ಮೊದಲ ಮಾತು ‘ನಿಮ್ಮಲ್ಲಿ ಎಷ್ಟು ಬಿತ್ತು?’ ಅಂತ. ಮಳೆಯನ್ನು ಸೆಂಟ್ ಲೆಕ್ಕದಲ್ಲಿ ಹೇಳುತ್ತೇವೆ. 100 ಸೆಂಟ್ ಅಂದರೆ ಒಂದು ಇಂಚು. ನಮ್ಮ ಸಾಹುಕಾರ್ರು ಬೆಳಗ್ಗೆ ಎದ್ದು ಅಂಗಳದ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದ ಮೇಲೇ ಕಾಫಿ ಕುಡಿಯುವುದು.

ಆ ಹುಡುಗ ಇದನ್ನು ಸುಮ್ನೆ ಲೋಕಾಭಿರಾಮ ಅಂದುಕೊಂಡಿದ್ದ. ಅಲ್ಲ. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾ ಕಾಫಿಗೆ ಹೂ ಬಿಡಿಸುವ ಹೂ ಮಳೆ ಬೇಕು. ಒಂದು, ಒಂದೂವರೆ ಇಂಚು ಸಿಕ್ಕಿದರೆ ಎಂಟು ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಅದೇ ಮಳೆ 20 ಸೆಂಟ್ ಬಿದ್ದು ನಿಂತರೆ ಮೊಗ್ಗು ಅರ್ಧಕ್ಕೇ ಹಾಳು. ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿರುವಾಗ ಬಂದರೆ ಇನ್ನೊಂದು ತಲೆನೋವು. ಅಂದರೆ ಎದುರಿನವರು ಇವತ್ತು ಯಾವ ಚಿಂತೆಯಲ್ಲಿದ್ದಾರೆ ಅಂತ ಮಳೆಯ ಲೆಕ್ಕದಲ್ಲೇ ಗೊತ್ತಾಗುತ್ತದೆ. 20 ಸೆಂಟ್ ಬಿದ್ದ ದಿನ ದುಡ್ಡಿನ ವಿಷಯ ಎತ್ತಬೇಡಿ. 110 ಸೆಂಟ್ ಬಿದ್ದ ಮರುದಿನ ಬೆಳಗ್ಗೆ ಏಳಕ್ಕೇ ಹೋಗಿ.

ನಿಮ್ಮ ಆಫೀಸಿನಲ್ಲೂ ಮಳೆಮಾಪಕದ ಥರ ಏನಾದರೂ ಇರುತ್ತದೆ. ಆಡಿಟ್ ವಾರ, ತಿಂಗಳ ಕೊನೆ, ರಜೆಯ ಬುಕಿಂಗ್. ಅದನ್ನು ಓದದೆ ಬಾಯಿ ತೆರೆಯಬೇಡಿ.

ಏಣಿಯ ಕಥೆ

ಕಾಳುಮೆಣಸು ಕೊಯ್ಯಲು ನಮ್ಮಲ್ಲಿ ಅಲ್ಯೂಮಿನಿಯಂ ಏಣಿ. ಹಗುರ, ಒಬ್ಬನೇ ಹೆಗಲ ಮೇಲೆ ಹೊತ್ತು ನಡೆಯಬಹುದು. ಆದರೆ ತೋಟದ ಒಳಗೇ ಕರೆಂಟಿನ ತಂತಿ ಹಾದುಹೋಗುತ್ತದೆ. ಏಣಿ ಎತ್ತಿ ನಿಲ್ಲಿಸುವಾಗ ತುದಿ ತಂತಿಗೆ ತಾಗಿದರೆ ಕೆಳಗೆ ಹಿಡಿದವನು ಉಳಿಯುವುದು ಕಷ್ಟ. ಮೆಣಸಿನ ಕಾಲದಲ್ಲಿ, ನೆರಳು ಮರದ ಕೊಂಬೆ ಕಡಿಯುವ ಮರಗಸಿ ಕಾಲದಲ್ಲಿ ಹೀಗೆ ಸತ್ತವರ ಸುದ್ದಿ ಕೊಡಗಿನ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಒಣಗಿದ ಫೈಬರ್ ಏಣಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಂತ ಧೈರ್ಯ ಮಾಡಿ ತಂತಿಗೆ ತಾಗಿಸುವುದಲ್ಲ. ಲೈನ್‌ಮ್ಯಾನ್‌ಗೆ ಹೇಳಿ ಲೈನ್ ಆಫ್ ಮಾಡಿಸಿಯೇ ಕೆಲಸ ಮಾಡಬೇಕು. ಆದರೂ ಒಂದು ಫೈಬರ್ ಏಣಿ ಇದ್ದರೆ ನನಗೆ ರಾತ್ರಿ ನಿದ್ದೆ ಬರುತ್ತದೆ.

ಮೊದಲ ಸಲ ನಾನು ಕೇಳಿದ್ದು ಹೀಗೆ. ಸಾಹುಕಾರ್ರು ಜಗಲಿಯಲ್ಲಿ ಇಬ್ಬರು ನೆಂಟರ ಜೊತೆ ಕೂತಿದ್ದರು. ನಾನು ಹೋಗಿ ನಿಂತವನೇ, ‘ಸಾರ್, ನಮ್ಮ ಏಣಿ ಎಲ್ಲಾ ಬದಲಾಯಿಸ್ಬೇಕು. ನಾಳೆ ಯಾರಾದ್ರೂ ಸತ್ರೆ ನಮ್ಮ ತಲೆಗೇ ಬರೋದು’ ಅಂದೆ.

ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ಸಾಹುಕಾರ್ರು ಲೋಟ ಕೆಳಗಿಟ್ಟು, ‘ನೋಡುವ ರೈಟ್ರೇ’ ಅಂದರು.

ಮುಗೀತು. ಆ ವರ್ಷ ಏಣಿ ಬರಲಿಲ್ಲ. ನಾನು ಮನೆಗೆ ಹೋಗಿ ಹೆಂಡತಿಯ ಹತ್ತಿರ ‘ಜಿಪುಣ’ ಅಂತ ಬೈದುಕೊಂಡೆ. ತಪ್ಪು ನನ್ನದು ಅಂತ ಗೊತ್ತಾಗಲು ಒಂದು ವರ್ಷ ಬೇಕಾಯ್ತು. ನೆಂಟರ ಎದುರು ಕೇಳಿದ್ದೆ. ಅವರ ಎದುರು ‘ಹೂಂ’ ಅಂದರೆ ಇಷ್ಟು ದಿನ ಆಳುಗಳ ಪ್ರಾಣ ಲೆಕ್ಕಕ್ಕಿರಲಿಲ್ಲ ಅಂತ ಒಪ್ಪಿಕೊಂಡ ಹಾಗೆ. ‘ಎಲ್ಲಾ’ ಅಂದಿದ್ದೆ, ಎಷ್ಟು ಅಂತ ನನಗೇ ಗೊತ್ತಿರಲಿಲ್ಲ. ಸಾವಿನ ಮಾತಾಡಿ ಹೆದರಿಸಿದ್ದೆ. ಹೆದರಿಸಿದರೆ ಮನುಷ್ಯ ಕೈ ಬಿಚ್ಚುವುದಿಲ್ಲ, ಮುಷ್ಟಿ ಹಿಡಿಯುತ್ತಾನೆ.

ಮರುವರ್ಷ ಬೇರೆ ದಾರಿ ಹಿಡಿದೆ. ಮೊದಲು ಅವರ ಲೆಕ್ಕ ಏನು ಅಂತ ತಿಳಿಯಬೇಕಿತ್ತು. ಒಂದು ದಿನ ಕಣದ ಹತ್ತಿರ ಅವರೊಬ್ಬರೇ ಸಿಕ್ಕಾಗ, ‘ಮುಂಚೆ ಬಿದಿರು ಏಣಿ ಇತ್ತಲ್ಲ ಸಾರ್, ಅದನ್ನ ಯಾಕೆ ಬಿಟ್ರು?’ ಅಂತ ಕೇಳಿದೆ. ಅಷ್ಟೇ ಕೇಳಿದ್ದು. ಅವರು ಹತ್ತು ನಿಮಿಷ ಮಾತಾಡಿದರು. ‘ಭಾರ ಅಂತ ಆಳುಗಳೇ ಬೇಡ ಅಂದದ್ದು. ಈಗ ಈ ಫೈಬರ್ ಅಂತಾರಲ್ಲ, ಅದೂ ಭಾರವೇ. ದುಡ್ಡು ಕೊಟ್ಟು ತರೋದು, ಶೆಡ್ಡಲ್ಲಿ ಬಿದ್ದಿರ್ತದೆ. ಪಕ್ಕದವರು ತಂದು ಹಾಗೇ ಆಯ್ತು.’

ನಾನು ದಂಗಾದೆ. ದುಡ್ಡಿನ ವಿಷಯವೇ ಅಲ್ಲ! ತಂದದ್ದು ಮೂಲೆಗೆ ಬೀಳುತ್ತದೆ ಅನ್ನುವ ಚಿಂತೆ. ಒಂದು ವರ್ಷ ನಾನು ಅವರ ಜಿಪುಣತನದ ಜೊತೆ ಮನಸ್ಸಿನಲ್ಲೇ ಜಗಳ ಆಡಿದ್ದೆ. ಅಲ್ಲಿ ಇಲ್ಲದ ಜಿಪುಣತನದ ಜೊತೆ.

ಆಮೇಲೆ ಒಂದು ಮಧ್ಯಾಹ್ನ ನೋಟ್‌ಬುಕ್ ಹಿಡಿದು ತಂತಿಯ ಅಡಿಯಲ್ಲೇ ತೋಟದ ಈ ತುದಿಯಿಂದ ಆ ತುದಿಗೆ ನಡೆದೆ. ಏಣಿ ವಾಲಿದರೆ ತಂತಿಗೆ ತಾಗುವಷ್ಟು ಹತ್ತಿರ ಇರುವ ಮೆಣಸಿನ ಬಳ್ಳಿ ಎಷ್ಟು ಅಂತ ಎಣಿಸಿದೆ. 63. ತೋಟದಲ್ಲಿ ಸಾವಿರಾರು ಬಳ್ಳಿ ಇದ್ದರೂ ಭಯ ಇರುವುದು 63ರಲ್ಲಿ. ಅಷ್ಟಕ್ಕೆ ಒಂದು ಏಣಿ ಸಾಕು. ಮುಂದಿನ ಸಂತೆಯ ದಿನ ಮೆಣಸು ಕೊಯ್ಯುವವನನ್ನೇ ಕರೆದುಕೊಂಡು ಕುಶಾಲನಗರದ ಅಂಗಡಿಗೆ ಹೋದೆ. ಅವನು ಏಣಿ ಹೆಗಲ ಮೇಲಿಟ್ಟು ರಸ್ತೆಯಲ್ಲಿ ಎರಡು ಸುತ್ತು ನಡೆದು, ‘ಭಾರ ಉಂಟು. ಇಬ್ಬರಿದ್ರೆ ಆಗ್ತದೆ’ ಅಂದ. ಅಂಗಡಿಯವರಿಂದ ರೇಟಿನ ಚೀಟಿ ಬರೆಸಿಕೊಂಡೆ.

ಒಳ್ಳೆ ಮಳೆ ಬಿದ್ದ ಮರುದಿನ ಬೆಳಗ್ಗೆ ಹೋದೆ. ಅವರು ಮಳೆಮಾಪಕ ಬಗ್ಗಿಸಿ ನೋಡುತ್ತಿದ್ದರು. ನಾನು ಹೇಳಿದ್ದು ಇಷ್ಟೇ: ‘ಸಾರ್, ತಂತಿ ಅಡಿಯಲ್ಲಿ 63 ಬಳ್ಳಿ ಉಂಟು. ಅಷ್ಟಕ್ಕೆ ಮಾತ್ರ ಒಂದು ಫೈಬರ್ ಏಣಿ ಸಾಕು. ಕೊಯ್ಯುವವನು ಎತ್ತಿ ನೋಡಿದ್ದಾನೆ, ಇಬ್ಬರಿದ್ರೆ ಆಗ್ತದಂತೆ. ಎರಡು ಸೈಜ್ ಉಂಟು, ಯಾವುದು ಸರಿ ಅಂತ ನೀವೇ ಹೇಳ್ಬೇಕು.’ ಚೀಟಿ ಕೈಗೆ ಕೊಟ್ಟೆ.

ಅವರು ಚೀಟಿ ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಮತ್ತೆ ನೋಡಿದರು. ನನ್ನ ಬಾಯಲ್ಲಿ ಇನ್ನೂ ಹತ್ತು ಮಾತು ಇದ್ದವು. ಹಲ್ಲು ಕಚ್ಚಿ ನಿಂತೆ. ಕೊನೆಗೆ ‘ಯಾವ ಅಂಗಡಿ ಇದು?’ ಅಂದರು.

ಇದನ್ನು ಗಮನಿಸಿ. ಎದುರಿನವರು ‘ಯಾವ ಅಂಗಡಿ’, ‘ಯಾವಾಗ ಬರ್ತದೆ’, ‘ಯಾರು ತರೋದು’ ಅಂತ ಕೇಳಿದರೆ ಮನಸ್ಸಿನಲ್ಲಿ ಒಪ್ಪಿ ಆಗಿದೆ. ಆಗ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಬಾಯಿ ಮುಚ್ಚಿ. ನಾನು ಎಷ್ಟೋ ಸಲ ಒಪ್ಪಿದ ಮೇಲೂ ವಿವರಿಸುತ್ತಾ ಹೋಗಿ, ಒಪ್ಪಿದವರಿಗೆ ಹೊಸ ಅನುಮಾನ ಹುಟ್ಟಿಸಿದ್ದೇನೆ. ನಾಲ್ಕನೇ ದಿನ ಏಣಿ ಬಂತು. 63 ಬಳ್ಳಿಯ ಮರಕ್ಕೆ ಕೆಂಪು ಪೈಂಟಿನಲ್ಲಿ ಪಟ್ಟಿ ಬಳಿದೆವು. ಈಗ ಸಾಹುಕಾರ್ರು ನೆಂಟರು ಬಂದಾಗ ಆ ಏಣಿ ತೋರಿಸಿ, ‘ಇದು ನಾನೇ ಯೋಚನೆ ಮಾಡಿ ತರಿಸಿದ್ದು’ ಅಂತಾರೆ. ನಾನು ‘ಹೌದು ಸಾರ್’ ಅಂತೇನೆ. ನನಗೆ ಏಣಿ ಬೇಕಿತ್ತು, ಹೆಸರಲ್ಲ.

ಒಂದೇ ಮೆಸೇಜಿನಲ್ಲಿ ಮುಗಿಸಿ

ಈಗ ಲೆಕ್ಕಪತ್ರ ಚಿಕ್ಕ ಸಾಹುಕಾರ್ರದು. ಅವರಿರುವುದು ಬೆಂಗಳೂರಿನಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ, ಟವರಿನ ಬ್ಯಾಟರಿಯೂ ಕೈ ಕೊಡುತ್ತದೆ. ಕೊಡೆ ಹಿಡಿದು ಗುಡ್ಡ ಹತ್ತಿದರೆ ಒಂದು ಕಡ್ಡಿ ಸಿಗ್ನಲ್. ಅಲ್ಲಿ ನಿಂತು ‘ಸಾರ್, ಒಂದು ಪ್ರಾಬ್ಲಂ’ ಅಂತ ಕಳಿಸಿ, ಅವರು ‘ಏನು?’ ಅಂತ ಕೇಳಿ, ನಾನು ಉತ್ತರ ಬರೆಯುವಷ್ಟರಲ್ಲಿ ಸಿಗ್ನಲ್ ಹೋಗಿ, ಜಿಗಣೆ ಕಾಲು ಹತ್ತಿ. ಹೀಗಾಗಿ ಒಂದೇ ಸಲಕ್ಕೆ ಎಲ್ಲ ಬರೆಯುವುದನ್ನು ಕಲಿತೆ. ಮಳೆಗಾಲದ ಆ ಅಭ್ಯಾಸ ಬೇಸಿಗೆಯಲ್ಲೂ ಕೆಲಸಕ್ಕೆ ಬಂತು.

ಮಾರ್ಚಿನಲ್ಲಿ ಹೂವಿಗೆ ನೀರು ಹಾಯಿಸುವಾಗ ಪಂಪ್ ಕೆಟ್ಟಿತು ಅಂದುಕೊಳ್ಳಿ. ಹಳೆಯ ನಾನಾಗಿದ್ದರೆ ‘ಸಾರ್ ಪಂಪ್ ಹೋಯ್ತು. ಏನು ಮಾಡೋದು?’ ಅಂತ ಬರೆಯುತ್ತಿದ್ದೆ. ಅಂದರೆ ನನ್ನ ತಲೆನೋವನ್ನು ಇದ್ದ ಹಾಗೇ ಅವರ ತಲೆಗೆ ದಾಟಿಸುವುದು. ಈಗ ಹೀಗೆ ಬರೆಯುತ್ತೇನೆ:

‘ಸಾರ್, ಕೆರೆಯ ಪಂಪ್ ಮೋಟಾರ್ ಸುಟ್ಟಿದೆ. ಇನ್ನು 9 ಎಕರೆಗೆ ನೀರು ಬಾಕಿ. ರಿಪೇರಿಗೆ ಕೊಟ್ಟರೆ 3 ದಿನ, 7,000 ರೂಪಾಯಿ. ಅಷ್ಟು ದಿನಕ್ಕೆ ಬಾಡಿಗೆ ಪಂಪ್ ತಂದರೆ 6,000 ಬೇರೆ. ಮೊಗ್ಗು ಬಲಿತಿದೆ, 3 ದಿನ ಕಾಯುವುದು ಬೇಡ ಅಂತ ನನಗನಿಸುತ್ತದೆ. ಸಂಜೆ 4ರೊಳಗೆ ನಿಮ್ಮ ಮೆಸೇಜ್ ಬರದಿದ್ದರೆ ಬಾಡಿಗೆ ಪಂಪ್ ತರಿಸುತ್ತೇನೆ.’

ಕೊನೆಯ ಸಾಲು ಮುಖ್ಯ. ಉತ್ತರ ಬರದಿದ್ದರೂ ಕೆಲಸ ನಿಲ್ಲುವುದಿಲ್ಲ. ಬೇಡ ಅನ್ನಿಸಿದರೆ ತಡೆಯುವ ಅಧಿಕಾರವೂ ಅವರ ಕೈಯಲ್ಲೇ ಇರುತ್ತದೆ. ಒಂದು ಎಚ್ಚರ: ಈ ಸಾಲು ಬರೆಯುವ ಸಲಿಗೆ ಮೊದಲ ವರ್ಷವೇ ಬರುವುದಿಲ್ಲ. ಸಣ್ಣ ಮೊತ್ತದಲ್ಲಿ ಶುರು ಮಾಡಿ.

ಇನ್ನೊಂದು, ಸಿಟ್ಟನ್ನು ಬರೆದು ಕಳಿಸಬೇಡಿ. ಗ್ರೂಪಿನಲ್ಲಂತೂ ಬೇಡವೇ ಬೇಡ. ಬಾಯಲ್ಲಿ ಬೈದದ್ದು ಎರಡು ಮಳೆಗೆ ತೊಳೆದುಹೋಗುತ್ತದೆ. ಬರೆದದ್ದನ್ನು ಜನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುತ್ತಾರೆ.

ಅಡುಗೆಮನೆ ಬಾಗಿಲಿನ ಕ್ಷಮೆ

ಇದು ನನ್ನ ಅತಿ ದೊಡ್ಡ ತಪ್ಪು. ಜನವರಿ ತಿಂಗಳು, ರೋಬಸ್ಟಾ ಕೊಯ್ಲು ಜೋರು. ಸಂಜೆ ತೂಕಕ್ಕೆ ಪಿರಿಯಾಪಟ್ಟಣದ ಕಡೆಯ ಅಕ್ಕ ಒಬ್ಬರು ಗೋಣಿ ಸುರಿದರು. ಹಣ್ಣಿನ ನಡುವೆ ಹಸಿರು ಕಾಯಿ ತುಂಬಾ. ನನಗೆ ಬೆಳಗ್ಗಿನಿಂದ ತಲೆ ಕೆಟ್ಟಿತ್ತು. 40 ಜನರ ಎದುರು, ‘ಕಣ್ಣು ಕಾಣಲ್ವಾ ನಿಮ್ಗೆ?’ ಅಂತ ಕೂಗಿದೆ.

ಅವರು ತಲೆ ಎತ್ತಲಿಲ್ಲ. ‘ಸರಿ ರೈಟ್ರೇ’ ಅಂದರು.

ಮಾರನೇ ದಿನ ಮಸ್ಟರಿಗೆ 11 ಜನ ಇಲ್ಲ. ಅವರ ಇಡೀ ಗುಂಪು ಎರಡು ಕಿಲೋಮೀಟರ್ ಆಚೆಯ ತೋಟದಲ್ಲಿ ಕೊಯ್ಯುತ್ತಿತ್ತು. ಕೊಯ್ಲಿನ ಕಾಲದಲ್ಲಿ ಕೆಲಸದವರಿಗೆ ನೂರು ಬಾಗಿಲು, ರೈಟರ್‌ಗೆ ಒಂದೇ. ಗಿಡದಲ್ಲಿ ಹಣ್ಣು ಕಪ್ಪಾಗಿ ಉದುರಲು ಶುರುವಾಯ್ತು. ಸಾಹುಕಾರ್ರು ಕಾರಣ ಕೇಳಿದರು. ಹೇಳಿದೆ. ಅವರು ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟ.

ಮೂರನೇ ದಿನ ಅವರು ಇಳಿದುಕೊಂಡಿದ್ದ ಲೈನ್ ಮನೆಗೆ ಹೋದೆ. ಅಕ್ಕ ಒಲೆ ಮುಂದೆ ಕೂತಿದ್ದರು. ಬಾಗಿಲಲ್ಲೇ ನಿಂತು, ‘ತಪ್ಪಾಯ್ತು ಅಕ್ಕ’ ಅಂದೆ. ಅವರು ಬೆಂಕಿ ಮುಂದೆ ತಳ್ಳುತ್ತಾ ಹೇಳಿದರು: ‘ಬೈದದ್ದು ಎಲ್ಲರ ಮುಂದೆ. ತಪ್ಪಾಯ್ತು ಅನ್ನೋದು ಅಡುಗೆಮನೆ ಬಾಗಿಲಲ್ಲಾ?’

ಮಾರನೇ ಬೆಳಗ್ಗೆ ಅವರನ್ನು ಕರೆಸಿ, ಮಸ್ಟರಿನಲ್ಲಿ ಎಲ್ಲರ ಎದುರು ಹೇಳಿದೆ. ಕಾಲು ನಡುಗಿತು, ಸುಳ್ಳು ಯಾಕೆ. 11ರಲ್ಲಿ 7 ಜನ ವಾಪಸ್ ಬಂದರು.

ಆಮೇಲೆ ತಿಳಿದದ್ದು ಇನ್ನೂ ಚೆನ್ನಾಗಿದೆ. ಆ ಜಾಗದಲ್ಲಿ ಹಣ್ಣು ಇನ್ನೂ ಅರ್ಧ ಆಗಿರಲಿಲ್ಲ. ಕೆಜಿ ಲೆಕ್ಕದ ಕೂಲಿ. ಹಣ್ಣು ಮಾತ್ರ ಆರಿಸಿ ಕೊಯ್ದರೆ ಸಂಜೆಗೆ ಅವರಿಗೆ ಅರ್ಧ ಕೂಲಿಯೂ ಹುಟ್ಟುವುದಿಲ್ಲ. ಅವರನ್ನು ಅಲ್ಲಿಗೆ ಬೇಗ ಇಳಿಸಿದವನು ನಾನೇ. ಹಸಿರು ಕಾಯಿ ಯಾಕೆ ಬಂತು ಅಂತ ಮೊದಲು ಕೇಳಿದ್ದರೆ ಒಂದು ನಿಮಿಷದ ಮಾತು.

ಈಗ ನಾನು ಕೂಗುವುದಿಲ್ಲ, ತೋರಿಸುತ್ತೇನೆ. ಗೋಣಿಯಿಂದ ಒಂದು ಮುಷ್ಟಿ ತೆಗೆದು ಚೀಲದ ಮೇಲೆ ಹರಡುತ್ತೇನೆ. ‘ನೀವೇ ಎಣಿಸಿ ಅಕ್ಕ.’ 40 ಕಾಯಿಯಲ್ಲಿ 9 ಹಸಿರು ಇದ್ದರೆ ಅವರ ಬಾಯಲ್ಲೇ ಬರುತ್ತದೆ. ಉದುರಿದ ಕಾಯಿ ಆರಿಸುವ ಕೆಲಸಕ್ಕೂ ಇದೇ ದಾರಿ. ಬಗ್ಗಿ ಬಗ್ಗಿ ಬೆನ್ನು ಮುರಿಯುವ ಕೆಲಸ ಅದು, ಯಾರಿಗೂ ಇಷ್ಟ ಇಲ್ಲ. ‘ಒಂದೂ ಬಿಡಬೇಡಿ’ ಅಂತ ವರ್ಷಗಟ್ಟಲೆ ಹೇಳಿದೆ, ಬಿಡುತ್ತಲೇ ಇದ್ದರು. ಒಂದು ಬೆಳಗ್ಗೆ ನೆಲದಿಂದ ಒಂದು ಒಣ ಕಾಯಿ ಎತ್ತಿಕೊಂಡೆ. ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ಉಗುರಿನಲ್ಲಿ ಬಿಡಿಸಿ ಅಂಗೈ ಮೇಲೆ ಇಟ್ಟೆ. ಸಾಸಿವೆ ಕಾಳಿನಷ್ಟು ಚಿಕ್ಕ ಕಪ್ಪು ಹುಳ ಹೊರಗೆ ಬಂದು ನನ್ನ ಬೆರಳಿನ ಕಡೆ ನಡೆಯಿತು. ಕಾಯಿ ಕೊರಕ. 1990ರಲ್ಲಿ ನೀಲಗಿರಿ ಕಡೆ ಮೊದಲು ಕಾಣಿಸಿಕೊಂಡದ್ದು, ಆಮೇಲೆ ನಮ್ಮಲ್ಲಿಗೂ ಬಂತು. ನೆಲದಲ್ಲಿ ಉಳಿದ ಕಾಯಿಯಲ್ಲೇ ಕೂತು ಮುಂದಿನ ಬೆಳೆಗೆ ಹತ್ತುತ್ತದೆ. ‘ಅಯ್ಯಯ್ಯೋ, ಇದ್ರೊಳಗೆ ಇಷ್ಟಿದ್ಯಾ?’ ಅಂತ ಎಲ್ಲರೂ ಬಗ್ಗಿ ನೋಡಿದರು. ಆ ದಿನ ಆರಿಸಿದಷ್ಟು ಚೊಕ್ಕವಾಗಿ ಅದಕ್ಕೆ ಮುಂಚೆ ಯಾವತ್ತೂ ಆರಿಸಿರಲಿಲ್ಲ.

‘ಅರ್ಥ ಆಯ್ತಾ’ ಅಂತ ಕೇಳಬೇಡಿ

ನಮ್ಮ ಮಸ್ಟರಿನಲ್ಲಿ ಕನ್ನಡ, ಮಲಯಾಳ, ತಮಿಳು, ಯರವರ ಮಾತು, ಈಗ ಅಸ್ಸಾಂ ಹುಡುಗರ ಹಿಂದಿ. ಒಂದು ಸಲ ಅಸ್ಸಾಂ ಹುಡುಗರಿಗೆ ಕಳೆ ಹೊಡೆಯುವ ಮಿಷನ್ ಕೊಟ್ಟು, ಹೊಸ ಮೆಣಸಿನ ಬಳ್ಳಿ ಬಿಟ್ಟು ಹೊಡೆಯಿರಿ ಅಂತ ಹೇಳಿ, ‘ಅರ್ಥ ಆಯ್ತಾ?’ ಅಂದೆ. ತಲೆ ಅಲ್ಲಾಡಿಸಿದರು. ಮಧ್ಯಾಹ್ನ ಹೋಗಿ ನೋಡಿದರೆ 120 ಬಳ್ಳಿ ನೆಲಸಮ. ‘ಅರ್ಥ ಆಯ್ತಾ’ ಅಂದರೆ ಜಗತ್ತಿನಲ್ಲಿ ಎಲ್ಲರೂ ಹೌದು ಅಂತಲೇ ಹೇಳುವುದು. ನೀವೂ ಹೇಳ್ತೀರಿ, ನಾನೂ ಹೇಳ್ತೇನೆ. ಈಗ ‘ಎಲ್ಲಿ, ಏನು ಮಾಡ್ತೀರಿ, ತೋರಿಸಿ’ ಅಂತೇನೆ. ಒಂದು ಮೀಟರ್ ಹೊಡೆದು ತೋರಿಸಿದ ಮೇಲೇ ನಾನು ಅಲ್ಲಿಂದ ಹೊರಡುವುದು.

ಜಾಗದ ಹೆಸರೂ ಹಾಗೇ. ಬೆಳಗ್ಗೆ ‘ನಾಲ್ಕನೇ ಬ್ಲಾಕಿನಲ್ಲಿ ಆನೆ ಇದೆ, ಹೋಗಬೇಡಿ’ ಅಂತ ಹೇಳಿದರೆ ಅರ್ಧ ಜನ ಅದೇ ದಾರಿಯಲ್ಲಿ ಹೊರಡುತ್ತಿದ್ದರು. ಬ್ಲಾಕ್ ನಂಬರ್ ಇರುವುದು ಸಾಹುಕಾರ್ರ ನಕ್ಷೆಯಲ್ಲಿ. ಕೆಲಸದವರಿಗೆ ಅದು ‘ಜೋಡಿ ಹಲಸಿನ ಕೆರೆ’. ಅವರ ಬಾಯಲ್ಲಿರುವ ಹೆಸರು ನಿಮ್ಮ ಬಾಯಲ್ಲಿ ಬರಲಿ. ಆನೆಯ ವಿಷಯದಲ್ಲಿ ಇದು ಪ್ರಾಣದ ಪ್ರಶ್ನೆ.

ಬೈಗುಳ ಕೇಳುವ ದಿನ

ಮೇ ತಿಂಗಳ ನಾಲ್ಕನೇ ಗುರುವಾರ ದೇವರಪುರದಲ್ಲಿ ಕುಂಡೆ ಹಬ್ಬ. ಯರವರು, ಜೇನು ಕುರುಬರು ವೇಷ ಹಾಕಿ, ಡಬ್ಬ ಬಡಿದು, ಎದುರು ಸಿಕ್ಕವರನ್ನೆಲ್ಲ ಬೈದು ಹಾಡಿ ದುಡ್ಡು ಬೇಡುತ್ತಾರೆ. ದೇವರಿಗೇ ಬೈಗುಳ ತಪ್ಪಿದ್ದಲ್ಲ, ಸಾಹುಕಾರ್ರು ಯಾವ ಲೆಕ್ಕ. ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ನಕ್ಕು ದುಡ್ಡು ಕೊಡಬೇಕು. ಬೇರೆ ಊರಿನ ಕಂಪನಿಗಳು ಕೆಲಸಗಾರರ ಅಭಿಪ್ರಾಯ ತಿಳಿಯಲು ಫಾರಂ ತುಂಬಿಸುತ್ತವಂತೆ. ನಮ್ಮಲ್ಲಿ ಈ ಹಬ್ಬ ಇದೆ.

ಒಂದು ವರ್ಷ ಸೀರೆ ಉಟ್ಟ ಗಂಡಸೊಬ್ಬ ನನ್ನ ಮುಂದೆ ಕುಣಿಯುತ್ತಾ, ತೂಕ ನುಂಗುವ ರೈಟರ್ ಅಂತ ಹಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಮಲಗಿದಾಗ ಚುಚ್ಚಿತು. ಒಂದು ಗ್ರಾಂ ಕದ್ದವನಲ್ಲ ನಾನು. ಮತ್ತೆ ಯಾಕೆ ಹಾಗೆ?

ಕೊಯ್ಲು ಶುರುವಾದಾಗ ಅವರು ನಿಲ್ಲುವ ಜಾಗದಲ್ಲಿ ನಿಂತು ನೋಡಿದೆ. ತಕ್ಕಡಿಯ ನಂಬರ್ ನನ್ನ ಕಡೆ ಮುಖ ಮಾಡಿತ್ತು. ಅವರಿಗೆ ಕಾಣುವುದು ನನ್ನ ಮುಖ, ನನ್ನ ಪೆನ್ನು. ಕೆಂಪು ಅಂಕಿ ಕಾಣುವುದೇ ಇಲ್ಲ. ತಕ್ಕಡಿ ತಿರುಗಿಸಿದೆ. ಈಗ ಅವರು ಓದಿ ಹೇಳುತ್ತಾರೆ, ‘ಮೂವತ್ತೆಂಟು ಇನ್ನೂರು’, ನಾನು ಬರೆಯುತ್ತೇನೆ. ಓದಲು ಬಾರದವರಿಗೆ ಪಕ್ಕದವರು ಓದುತ್ತಾರೆ. ತೂಕದ ಜಗಳ ನಿಂತೇಹೋಯ್ತು. ‘ನನ್ನನ್ನು ನಂಬಿ’ ಅಂತ 15 ವರ್ಷ ಹೇಳಿದರೂ ಆಗದ ಕೆಲಸ ಅದು.

ಕೋಳಿ ಮೊದಲು

2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಮನೆಗಳು ಮುಳುಗಿದವಲ್ಲ, ಆಗಿನ ಮಾತು. ನಮ್ಮ ಕೆಳಗಿನ ಲೈನಿನಲ್ಲಿ 7 ಸಂಸಾರ. ಮಧ್ಯಾಹ್ನ ಹೋಗಿ, ‘ನೀರು ಏರ್ತಾ ಇದೆ, ಜೀವಕ್ಕೆ ಅಪಾಯ, ಎಲ್ಲರೂ ಮೇಲಿನ ಸ್ಟೋರಿಗೆ ಬನ್ನಿ’ ಅಂದೆ. ‘ಸರಿ ರೈಟ್ರೇ’ ಅಂದರು. ಒಂದು ಗಂಟೆ ಕಾದೆ, ಒಬ್ಬರೂ ಬರಲಿಲ್ಲ.

ಮತ್ತೆ ಇಳಿದೆ. ಈ ಸಲ ಕೂಗಲಿಲ್ಲ. ತುದಿಮನೆಯ ಅಜ್ಜಿಯ ಜಗಲಿಯಲ್ಲಿ ಕೂತು, ‘ಯಾಕಜ್ಜಿ ಹೊರಡ್ಲಿಲ್ಲ?’ ಅಂತ ಕೇಳಿದೆ. ಅಜ್ಜಿ ಮಂಚದ ಅಡಿ ತೋರಿಸಿದರು. 9 ಕೋಳಿ, ಅದರಲ್ಲಿ ಒಂದು ಕಾವಿಗೆ ಕೂತಿದೆ. ‘ಇವನ್ನ ಬಿಟ್ಟು ಹ್ಯಾಗೆ ಬರ್ಲಿ?’ ನಾನು ಜೀವದ ಮಾತಾಡಿದ್ದೆ, ಅಜ್ಜಿಯ ತಲೆಯಲ್ಲಿದ್ದದ್ದು ಕೋಳಿ. ಪಕ್ಕದ ಮನೆಯಲ್ಲಿ ರೇಷನ್ ಅಕ್ಕಿ, ಅದರಾಚೆ ಗಬ್ಬದ ಆಡು.

ಕಾಫಿ ಬುಟ್ಟಿ ತರಿಸಿ ಜೀಪಿನಲ್ಲಿ ಮೊದಲ ಟ್ರಿಪ್ ಕೋಳಿ, ಆಡು, ಅಕ್ಕಿ ಸಾಗಿಸಿದೆವು. ಎರಡನೇ ಟ್ರಿಪ್ಪಿಗೆ ಜನ ತಾವಾಗಿಯೇ ಹತ್ತಿದರು. ರಾತ್ರಿ ಆ ಲೈನಿಗೆ ಕಿಟಕಿಯ ಮಟ್ಟಕ್ಕೆ ನೀರು ನುಗ್ಗಿತು.

ಆ ಹುಡುಗನಿಗೆ ನಾನು ಬೇರೆ ಏನು ಹೇಳಿದರೂ ಕೊನೆಗೆ ‘ಮಂಚದ ಅಡಿ ನೋಡು’ ಅಂತೇನೆ. ಈಗ ಅದು ನಮ್ಮಿಬ್ಬರ ನಡುವೆ ಒಂದು ಮಾತಾಗಿಬಿಟ್ಟಿದೆ. ಮೊನ್ನೆ ಅವನೇ ಫೋನ್ ಮಾಡಿದ. ಅವರ ತೋಟದ ಹಳೇ ಮೇಸ್ತ್ರಿ ಮೊಬೈಲಿನಲ್ಲಿ ಹಾಜರಿ ಹಾಕಲು ಒಪ್ಪುತ್ತಲೇ ಇರಲಿಲ್ಲವಂತೆ. ‘ಮಂಚದ ಅಡಿ ನೋಡಿದೆ ಅಣ್ಣಾ. ಅವರಿಗೆ ಹತ್ತಿರದ್ದು ಕಾಣಲ್ಲ. ಕನ್ನಡಕ ಇಲ್ಲ, ಅದನ್ನ ಹೇಳಲು ನಾಚಿಕೆ.’ ಕನ್ನಡಕ ಮಾಡಿಸಿಕೊಟ್ಟನಂತೆ. ಹುಡುಗ ಪರವಾಗಿಲ್ಲ.

ನನ್ನದೇ ಒಂದು ಕೇಳಿಕೆ ಈಗ ಬಾಕಿ ಇದೆ. ಮೇಲಿನ ಗುಡ್ಡದ ಕಡೆ ಕೆಲಸ ಮಾಡುವ ಹೆಂಗಸರಿಗೆ ಒಂದು ಶೌಚಾಲಯ ಬೇಕು. ಡಿಸೆಂಬರಿನಲ್ಲಿ ಒಮ್ಮೆ ಕೇಳಿದೆ, ‘ನೋಡುವ’ ಅಂದರು. ಅಲ್ಲಿಂದ ಲೈನ್ ಮನೆಗೆ ಹೋಗಿ ಬರಲು ಎಷ್ಟು ಹೊತ್ತು ಅಂತ ಅಕ್ಕಂದಿರ ಜೊತೆ ನಡೆದು ನೋಡಿದ್ದೇನೆ, 35 ನಿಮಿಷ. ಗಾರೆಯವರ ಹತ್ತಿರ ಚೀಟಿ ಬರೆಸಿ ಜೇಬಿನಲ್ಲಿಟ್ಟಿದ್ದೇನೆ. ಸಾಹುಕಾರ್ರ ಚಿಂತೆ ನೀರಿನದು ಅಂತ ಅಮ್ಮನವರಿಂದ ಗೊತ್ತಾಯ್ತು. ಕೆರೆಯ ಪೈಪ್ ಅಲ್ಲಿಗೆ 60 ಅಡಿ ಹತ್ತಿರದಲ್ಲೇ ಹಾದುಹೋಗುತ್ತದೆ, ಅಳೆದಿದ್ದೇನೆ. ನಿನ್ನೆ ರಾತ್ರಿ ಹೂ ಮಳೆ ಬಿತ್ತು. ನಮ್ಮ ಮಾಪಕದಲ್ಲಿ 118 ಸೆಂಟ್. ಈಗ ಆರೂ ಮುಕ್ಕಾಲು.